ನಾಗದುರ್ಗದ ಹೊಸ ಪುಸ್ತಕ ಮತ್ತು ಹೊನ್ನಮ್ಮನ ಮಗ ಬೋರಲಿಂಗ

ಹೂಂಗುಟ್ಟೋರು ಹತ್ತಿರ ಬನ್ನಿ, ಆಕಳಿಸೋರು ಗೋಡೆ ಕಡೆ ಹೋಗಿ. ಶುರು ಮಾಡ್ತೀನಿ.

ಬೊಂಬೆ ಮಾಡೋ ಊರೊಂದು. ಆ ಊರಲ್ಲಿ ಹೊನ್ನಮ್ಮ. ಮರದ ಬೊಂಬೆಗೆ ಅರಗಿನ ಬಣ್ಣ ಹಚ್ಚೋದು ಅವಳ ಕೆಲಸ. ಅವಳಿಗೊಬ್ಬನೇ ಮಗ, ಬೋರಲಿಂಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಏನು ಹೇಳಿದರೂ ಹೇಳಿದ ಹಾಗೇ ಮಾಡೋನು. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿ ಇಲ್ಲ. ತೊಂದರೆ ಇದ್ದಿದ್ದೇ ಅಲ್ಲಿ!

"ಅಯ್ಯೋ ನನ್ನ ಕರ್ಮವೇ! ಇವನ ಪಕ್ಕ ಕೂತು ನಾಕು ಮಾತಾಡೋಕೆ ಊರಲ್ಲಿ ಒಬ್ರಾದ್ರೂ ಬೇಡ್ವಾ?" ಅಂತ ಹೊನ್ನಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು. ಓರಗೆಯವರು ಅವನನ್ನ ಕಂಡರೆ ನಗೋರು. ಕೂರಿಸಿಕೊಳ್ಳೋರು ಯಾರೂ ಇರಲಿಲ್ಲ.

ಅದೇ ಬೀದೀಲಿ ಪುಟ್ಟಸ್ವಾಮಣ್ಣನ ಹಿಟ್ಟಿನ ಗಿರಣಿ. ಗಿರಣಿ ಮೇಲೊಂದು ಕೋಣೆ. ಭಾನುವಾರ ಬಂದರೆ ಅಲ್ಲಿ ಮೂರು ಜನ ಸೇರಿ ನಾಗದುರ್ಗ ಅನ್ನೋ ಆಟ ಆಡೋರು. ಅದೇನು ಆಟ ಅಂತೀರಾ? ಚದುರಂಗ ಅಲ್ಲ, ಇಸ್ಪೀಟೂ ಅಲ್ಲ. ಒಬ್ಬರು ಕತೆ ನಡೆಸಬೇಕು, ಉಳಿದವರು ಆ ಕತೆಯೊಳಗೆ ಒಂದೊಂದು ವೇಷ ಹಾಕಬೇಕು. ಅಂದುಕೊಂಡ ಕೆಲಸ ಆಯಿತೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳಬೇಕು. ಬೊಂಬೆ ಕಡೆಯೋ ಮುನಾವರ್ ಕತೆ ನಡೆಸೋನು. ಪುಟ್ಟಸ್ವಾಮಣ್ಣ ಮಂತ್ರವಾದಿ. ಟೈಲರ್ ಜಯಶೀಲಕ್ಕ ಕೋಟೆಗೆ ಕನ್ನ ಹಾಕೋ ಕಳ್ಳಿ.

ಆ ಆಟದ ನಿಯಮದ ಪುಸ್ತಕಕ್ಕೆ ಹೊಸ ಆವೃತ್ತಿ ಬರುತ್ತೆ ಅಂತ ಸುದ್ದಿ ಬಂತು ನೋಡಿ, ಮೂವರಿಗೂ ನಿದ್ದೆ ಹಾರಿಹೋಯಿತು.

"ಶುಕ್ರವಾರ ಪುಸ್ತಕ ಬರುತ್ತಂತೆ!"

"ಈ ಸಲ ಕುದುರೆಗೂ ಸುಸ್ತಾಗುತ್ತಂತೆ!"

"ಮಂತ್ರವಾದಿ ಶಕ್ತಿ ಅರ್ಧಕ್ಕೆ ಇಳಿಸಿದಾರಂತೆ!"

ಕೊನೇ ಮಾತು ಕೇಳಿ ಪುಟ್ಟಸ್ವಾಮಣ್ಣ ಯಾರದೋ ರಾಗಿಗೆ ಯಾರದೋ ಗೋಧಿ ಸುರಿದು ಬೀಸಿಬಿಟ್ಟ. ಮದುವೆ ಮನೆಯವರು ದಿಬ್ಬಣಕ್ಕೆ ಕಾದ ಹಾಗೆ ಕಾಯುತ್ತಿದ್ದರು ಪಾಪ.

ಬೋರಲಿಂಗ ಮೆಟ್ಟಿಲು ಹತ್ತಿ ಹೋಗಿ ಹೊಸ್ತಿಲ ಹತ್ತಿರ ಕೂತ. "ನಂಗೂ ಒಂದು ವೇಷ ಕೊಡಣ್ಣ" ಅಂದ.

ಮುನಾವರ್ ಒಳ್ಳೆಯವನು. "ಹೊಸ ಪುಸ್ತಕ ಬಂದ್ಮೇಲೆ ಹೊಸ ಕತೆ ಶುರು ಮಾಡ್ತೀವಿ ಕಣೋ. ಅದ್ರಲ್ಲಿ ನಿಂಗೂ ಒಂದು ಕುರ್ಚಿ. ಅಲ್ಲೀವರ್ಗೂ ಸುಮ್ನೆ ಕೂತು ಆಟ ಕಲಿ, ಎಡವಟ್ಟು ಮಾಡ್ಬೇಡ" ಅಂದ.

ಹೊನ್ನಮ್ಮ ಇದನ್ನ ಕೇಳಿ ಮಾರಮ್ಮನಿಗೆ ಹರಕೆ ಹೊತ್ತಳು. "ತಾಯೀ, ನಾನೇನು ಸಿಂಹಾಸನ ಕೇಳ್ತಿಲ್ಲ. ಒಂದು ಕುರ್ಚಿ. ಅದೊಂದು ಸಿಗೋ ಹಾಗೆ ಮಾಡು."

ಇತ್ತ ಕೋಣೇಲಿ ಕುರ್ಚಿ ಮಾತು ಬಂದು ಗಳಿಗೆ ಆಗಿಲ್ಲ, ಮುನಾವರ್ ಗಂಟಲು ಏರಿಸಿ ಕತೆ ಹಿಡಿದ. "ಕೋಟೆ ಬಾಗಿಲಲ್ಲಿ ಒಬ್ಬ ರಾಕ್ಷಸ! ಹೆಗಲ ಮೇಲೆ ಬಂಡೆ! ಕೂಗ್ತಾ ಒಳಗೆ ಬರ್ತಾವ್ನೆ!"

ಬೋರಲಿಂಗ ಪೊರಕೆ ಎತ್ತಿಕೊಂಡು ದಡದಡ ಕೆಳಗಿಳಿದ. ಗಿರಣಿ ಬಾಗಿಲಲ್ಲಿ ಒಬ್ಬರು ರಾಗಿ ಮೂಟೆ ಹೊತ್ತು "ಯಾರಿದೀರಿ ಒಳಗೆ?" ಅಂತ ಕೂಗ್ತಾ ಬರುತ್ತಿದ್ದರು. ಬಿತ್ತು ನೋಡಿ ಪೊರಕೆ! ಮೂಟೆ ಒಂದು ಕಡೆ, ರಾಗಿ ಒಂದು ಕಡೆ, ಗಿರಾಕಿ ಒಂದು ಕಡೆ.

"ಲೇ ಪೆದ್ದ! ಇದು ಬಾಯಲ್ಲಿ ಆಡೋ ಆಟ ಕಣೋ!" ಅಂತ ಮುನಾವರ್ ಕಿರುಚಿದ. "ಕೈ ಎತ್ತಬಾರ್ದು, ಕಾಲೆತ್ತಬಾರ್ದು. ಏನು ಮಾಡ್ತೀನಿ ಅಂತ ಬಾಯಲ್ಲಿ ಹೇಳ್ಬೇಕು. ಅಷ್ಟೇ!"

"ಸರಿ ಅಣ್ಣ. ಬಾಯಲ್ಲಿ ಹೇಳ್ಬೇಕು, ಅಷ್ಟೇ" ಅಂದ ಬೋರಲಿಂಗ.

ಮಾರನೇ ದಿನ ಹೊನ್ನಮ್ಮ ಒಲೆ ಮೇಲೆ ಹಾಲಿಟ್ಟು "ಉಕ್ಕಿದ್ರೆ ಇಳಿಸೋ" ಅಂದು ಹಿತ್ತಿಲಿಗೆ ಹೋದಳು. ಹಾಲು ಉಕ್ಕಿತು. ಬೋರಲಿಂಗ ಚಕ್ಕಳಮಕ್ಕಳ ಹಾಕಿ ಕೂತಲ್ಲೇ ಗಟ್ಟಿಯಾಗಿ ಹೇಳಿದ. "ನಾನು ಏಳ್ತೀನಿ! ಬಟ್ಟೆ ಹಿಡ್ಕೊಳ್ತೀನಿ! ಪಾತ್ರೆ ಇಳಿಸ್ತೀನಿ!" ಹಾಲು ಒಲೆಗೆ ಹೋಯಿತು. "ಇನ್ನೊಂದ್ಸಲ ಇಳಿಸ್ತೀನಿ!" ಉಳಿದಿದ್ದೂ ಹೋಯಿತು.

"ಬಾಯಲ್ಲಿ ಹೇಳಿದ್ರೆ ಹಾಲು ಇಳಿಯುತ್ತೇನೋ ಮೂದೇವಿ!" ಅಂತ ಹೊನ್ನಮ್ಮ ತಲೆ ಮೇಲೆ ಮೊಟಕಿದಳು.

ಬೋರಲಿಂಗ ತಲೆ ಸವರಿಕೊಳ್ತಾ ಗಿರಣಿಗೆ ಬಂದ. ಪುಟ್ಟಸ್ವಾಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕು ಒಂದು ಮರದ ದಾಳ ಕೊಟ್ಟ. "ಬರೀ ಹೇಳಿದ್ರೆ ಸಾಲ್ದು ಕಣಪ್ಪ, ಹೇಳಿ ದಾಳ ಹಾಕ್ಬೇಕು. ಹತ್ತರ ಮೇಲೆ ಬಿತ್ತಾ, ಮಾಡು. ಕೆಳಗೆ ಬಿತ್ತಾ, ಕೆಲ್ಸ ಆಗ್ಲಿಲ್ಲ ಅಂತ ಲೆಕ್ಕ."

"ಸರಿ ಅಣ್ಣ. ದಾಳ ಹಾಕ್ಬೇಕು" ಅಂದ ಬೋರಲಿಂಗ.

ದಾಳ ಹಿಡಿದು ಮನೆಗೆ ಬಂದು ಕೂತಿದ್ದ, ಅಷ್ಟರಲ್ಲಿ ಊರಿಂದ ಸೋದರಮಾವ ಬಂದ. ತಲೆ ಮೇಲೆ ಉರಿಬಿಸಿಲು, ಹೆಗಲ ಮೇಲೆ ಹಲಸಿನ ಹಣ್ಣು.

"ಬಾಗ್ಲು ತೆಗಿಯೋ ಅಳಿಯ!"

"ಬಾಗ್ಲು ತೆಗೀತೀನಿ!" ಅಂತ ಬೋರಲಿಂಗ ಒಳಗಿಂದ ದಾಳ ಉರುಳಿಸಿದ. ಮೂರು ಬಿತ್ತು. "ಆಗ್ಲಿಲ್ಲ ಮಾವ!"

"ಏನಾಗ್ಲಿಲ್ವೋ? ಚಿಲಕ ತೆಗಿ!"

"ಚಿಲಕ ತೆಗೀತೀನಿ!" ಏಳು ಬಿತ್ತು. "ಆಗ್ಲಿಲ್ಲ ಮಾವ! ಚಿಲಕ ಬಲು ಗಟ್ಟಿ!"

"ಮನೆಗೆ ಬಂದೋನ್ನ ಬೀದೀಲಿ ನಿಲ್ಸಿ ಆಡ್ಕೊಳ್ತೀಯೇನೋ ಬಡ್ಡೀಮಗನೆ!"

ಬೋರಲಿಂಗ ಕಣ್ಣು ಮುಚ್ಚಿ, ಮಾರಮ್ಮನ್ನ ನೆನೆದು, ಮತ್ತೆ ಹಾಕಿದ. ಹದಿನೆಂಟು! "ಆಯ್ತು ಮಾವ, ಆಯ್ತು!" ಅಂತ ಕುಣಿದುಕೊಂಡು ಬಾಗಿಲು ತೆಗೆದ. ಮಾವ ಇರಲಿಲ್ಲ. ಹಲಸಿನ ಹಣ್ಣೂ ಇರಲಿಲ್ಲ.

ಹೊನ್ನಮ್ಮನಿಗೆ ಅಳುವೇ ಬಂತು. "ಬಾಗಿಲಿಗೆ ಬಂದೋರಿಗೆ ದಾಳ ಹಾಕ್ತಾರೇನೋ! ಕೇಳಿಸ್ಕೋ ಇಲ್ಲಿ. ಯಾರಾದ್ರೂ ಬಂದ್ರು ಅಂದ್ರೆ ಒಳಗೆ ಕರೀಬೇಕು. ಕಾಲಿಗೆ ನೀರು ಕೊಡ್ಬೇಕು. ಮಣೆ ಹಾಕಿ ಕೂರಿಸ್ಬೇಕು. ಬೆಲ್ಲದ ನೀರು ಕೊಡ್ಬೇಕು. ಬೇಡ ಬೇಡ ಅಂದ್ರೂ ಬಲವಂತ ಮಾಡಿ ಕುಡಿಸ್ಬೇಕು. ಅದು ಮರ್ಯಾದೆ!"

"ಸರಿ ಅಮ್ಮ. ಬಲವಂತ ಮಾಡಿ ಕುಡಿಸ್ಬೇಕು" ಅಂದ ಬೋರಲಿಂಗ.

ಶುಕ್ರವಾರ ಬಂತು. ಗಿರಣಿ ಒಳಗೆ ಪುಟ್ಟಸ್ವಾಮಣ್ಣನಿಗೆ ಯಂತ್ರದ ಸದ್ದಲ್ಲಿ ಏನೂ ಕೇಳಿಸದು. ಹೊರಗೆ ಜಗಲಿ ಮೇಲೆ ಬೋರಲಿಂಗ. ಕೊರಿಯರ್‌ನವನು ಬೈಕು ನಿಲ್ಲಿಸಿ ಒಂದು ಪೊಟ್ಟಣ ಅವನ ಕೈಗಿಟ್ಟ.

"ಏನಿದು?"

"ಪುಸ್ತಕ ಬಂದೈತೆ ತಗೊಳಯ್ಯ."

ಪುಸ್ತಕ ಬಂದಿದೆ! ಇಷ್ಟು ದಿನ ಎಲ್ಲರೂ ಬರುತ್ತೆ ಬರುತ್ತೆ ಅಂತಿದ್ದಿದ್ದು ಬಂದೇ ಬಿಟ್ಟಿದೆ! ಎಷ್ಟು ದೂರದಿಂದ ಬಂತೋ ಏನೋ ಅಂತ ಬೋರಲಿಂಗನಿಗೆ ಕರುಳು ಚುರ್ ಅಂದಿತು. ಎದೆಗವಚಿಕೊಂಡು ಮನೆಗೆ ಓಡಿದ. "ಬನ್ನಿ ಬನ್ನಿ, ಒಳಗೆ ಬನ್ನಿ" ಅಂದ. ಮೇಲಿನ ಕಾಗದ ಬಿಚ್ಚಿದ. ಒಂದು ಚೊಂಬು ನೀರು ಸುರಿದು ತೊಳೆದ. ಮಣೆ ಹಾಕಿ ಕೂರಿಸಿದ. ಬೆಲ್ಲದ ನೀರು ಕದಡಿ ಮುಂದಿಟ್ಟ. ಪುಸ್ತಕ ಮುಟ್ಟಲಿಲ್ಲ. "ಸಂಕೋಚ ಬೇಡಿ" ಅಂದ. ಆಗಲೂ ಮುಟ್ಟಲಿಲ್ಲ. ಆಮೇಲೇನು, ನಡು ಪುಟ ಬಿಡಿಸಿ ಲೋಟದ ಮೇಲೆ ಲೋಟ ಬಲವಂತ ಮಾಡಿ ಕುಡಿಸಿದ!

ಸುದ್ದಿ ಗೊತ್ತಾಗಿ ಮೂವರೂ ಓಡಿ ಬಂದಾಗ ಪುಸ್ತಕಕ್ಕೆಲ್ಲ ಇರುವೆ ಮುತ್ತಿತ್ತು. ಜಯಶೀಲಕ್ಕ ಅಲ್ಲೇ ಕುಸಿದು ಕೂತಳು. ಮುನಾವರ್ ಮುಖ ಕೆಂಪಗಾಯಿತು. "ಕುರ್ಚಿನೂ ಇಲ್ಲ, ವೇಷನೂ ಇಲ್ಲ! ಇನ್ಮೇಲೆ ಗಿರಣಿ ಮೆಟ್ಟಿಲು ಹತ್ತಬೇಡ!"

ಬೋರಲಿಂಗನಿಗೆ ಆ ಮಾತು ಮಾತ್ರ ಚೆನ್ನಾಗಿ ಅರ್ಥವಾಯಿತು.

ಹೊನ್ನಮ್ಮ ಕೆಲಸ ಬಿಟ್ಟು ಓಡಿ ಬಂದಳು. "ಬೈಯಪ್ಪ, ಎರಡು ಹೊಡಿ ಬೇಕಾದ್ರೆ. ಬರ್ಬೇಡ ಅಂತ ಮಾತ್ರ ಅನ್ಬೇಡ. ಭಾನುವಾರ ಬರ್ಲಿ ಅಂತ ವಾರವೆಲ್ಲ ಕಾಯ್ತಾನೆ ಕಣಪ್ಪ ಅವ್ನು" ಅಂದಳು. ಅಂದವಳೇ ಪುಸ್ತಕ ಸರಿ ಮಾಡೋಕೆ ಕೂತುಬಿಟ್ಟಳು. ಅರಗು ಕಾಯಿಸೋ ಕೆಂಡ ತಂದು, ಪುಸ್ತಕವನ್ನ ದೂರದಿಂದ ಕಾಯಿಸಿ, ತೆಳ್ಳನೆ ಚಾಕುವಿಂದ ಒಂದೊಂದೇ ಪುಟ ಬಿಡಿಸಿದಳು. ಎಲ್ಲ ಬಿಟ್ಟವು. ನಡುವಿನ ಒಂದು ಕಂತೆ ಮಾತ್ರ ಹಲ್ಲು ಕಚ್ಚಿದ ಹಾಗೆ ಅಂಟಿಕೊಂಡೇ ಇತ್ತು.

"ಅದ್ರಲ್ಲಿ ಏನಿತ್ತು?" ಅಂತ ಪುಟ್ಟಸ್ವಾಮಣ್ಣ ಬಗ್ಗಿ ನೋಡಿದ.

ಜಯಶೀಲಕ್ಕ ಪರಿವಿಡಿ ನೋಡಿ ಹೇಳಿದಳು. "ಮಂತ್ರವಾದಿ ಅಧ್ಯಾಯ."

"ಹಂಗಾದ್ರೆ ಶಕ್ತಿ ಅರ್ಧ ಮಾಡಿದಾರೋ ಇಲ್ವೋ ಯಾರಿಗೂ ಗೊತ್ತಾಗಲ್ಲ?"

"ಗೊತ್ತಾಗಲ್ಲ."

"ಗೊತ್ತಾಗ್ದಿದ್ರೆ ಹಳೇ ಶಕ್ತಿನೇ ಗತಿ!" ಅಂತ ಪುಟ್ಟಸ್ವಾಮಣ್ಣ ಬೋರಲಿಂಗನನ್ನ ಬಾಚಿ ತಬ್ಬಿಕೊಂಡ. "ನಮ್ಮಪ್ಪ! ಇವನಿಗೆ ಕುರ್ಚಿ ಹಾಕ್ರಯ್ಯ! ಹಾಕ್ದಿದ್ರೆ ನಾನು ಗಿರಣಿ ಕೋಣೆ ಬೀಗ ತೆಗಿಯಲ್ಲ!"

ಮುನಾವರ್ ಗೊಣಗಿದ. ಗೊಣಗ್ತಾ ಗೊಣಗ್ತಾ ಅವನಿಗೂ ನಗು ಬಂತು.

ಭಾನುವಾರ ಮಧ್ಯಾಹ್ನ. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಬೋರಲಿಂಗ ಬಂದ. ನಾಲ್ಕನೇ ಕುರ್ಚಿ ಅವನಿಗಾಗಿ ಕಾದಿತ್ತು. ಜಯಶೀಲಕ್ಕ ಅವನ ವೇಷಕ್ಕೆ ಖಡ್ಗರಾಯ ಅಂತ ಹೆಸರಿಟ್ಟಿದ್ದಳು. "ನೋಡಪ್ಪ, ಈ ಕುರ್ಚೀಲಿ ಕೂರೋನು ಖಡ್ಗರಾಯ. ಬೋರಲಿಂಗನ್ನ ಬಾಗ್ಲಾಚೆ ಬಿಟ್ಟು ಬರ್ಬೇಕು. ತಿಳೀತಾ?"

"ಸರಿ ಅಕ್ಕ" ಅಂತ ಬೋರಲಿಂಗ ಬಾಗಿಲಾಚೆ ಹೋದ. ಹೋದವನು ಬರಲೇ ಇಲ್ಲ.

ಹೊನ್ನಮ್ಮ ಮಗ ಕೂತಿರೋದನ್ನ ಕಣ್ಣಾರೆ ನೋಡೋಣ ಅಂತ ಕೋಡುಬಳೆ ಡಬ್ಬಿ ಹಿಡಿದು ಬಂದರೆ, ಮಗ ಮೆಟ್ಟಿಲ ಮೇಲೆ ಕೂತಿದ್ದಾನೆ.

"ಯಾಕೋ ಇಲ್ಲಿ? ಮತ್ತೆ ಆಚೆ ಹಾಕಿದ್ರಾ?"

"ಇಲ್ಲಮ್ಮ. ಬೋರಲಿಂಗನ್ನ ಇಲ್ಲಿ ಬಿಟ್ಟು ಬಾ ಅಂದ್ರು. ಬಿಟ್ಟೋದ್ರೆ ಒಬ್ನೇ ಆಗ್ತಾನೆ. ಅವನ ಜೊತೆ ಯಾರೂ ಕೂರಲ್ಲ."

ಹೊನ್ನಮ್ಮ ಸೆರಗು ಕೊಡವಿ ಆ ಮೆಟ್ಟಿಲ ಮೇಲೆ ಕೂತಳು. "ನೀನು ಒಳಗೆ ಹೋಗು ಮಗ. ಅವನನ್ನ ನಾನು ನೋಡ್ಕೊಳ್ತೀನಿ. ನಂಗೆ ಅಭ್ಯಾಸ ಐತೆ."

ಬೋರಲಿಂಗ ಒಳಗೆ ಹೋಗಿ ಖಡ್ಗರಾಯನಾಗಿ ಕೂತ. ಏನು ಗತ್ತು! ಏನು ಕೂಗು! ಸೇತುವೆ ದಾಟಿದ, ಹಾವು ಕೊಂದ, ಕುದುರೆಗೆ ಸುಸ್ತಾದರೆ ತಾನೇ ಹೊತ್ತುಕೊಂಡ. ಒಳಗಡೆ ನಾಲ್ಕು ಜನ ನಗೋದು ಕೇಳಿಸುತ್ತಿತ್ತು. ಅದರಲ್ಲಿ ಮಗನ ನಗು ಯಾವುದು ಅಂತ ಹೊನ್ನಮ್ಮ ಆರಿಸಿ ಆರಿಸಿ ಕೇಳಿದಳು. ಖುಷಿಗೆ ಕಣ್ಣೀರು ಬಂತು, ಒರೆಸಿಕೊಂಡಳು.

ಹೊತ್ತು ಇಳಿಯುತ್ತಿದ್ದ ಹಾಗೆ ಮುನಾವರ್ ಪುಸ್ತಕ ಮುಚ್ಚಿದ. "ಖಡ್ಗರಾಯ ಕೋಟೆ ಹೊಸ್ತಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತವ್ನೆ. ಇವತ್ತಿಗೆ ಸಾಕು. ಬರೋ ಭಾನುವಾರದವರ್ಗೂ ಹಿಂಗೇ ನಿಂತಿರ್ಲಿ."

ಎಲ್ಲರೂ ಎದ್ದರು. ಬೋರಲಿಂಗನೂ ಎದ್ದು ಕೋಣೆ ಬಾಗಿಲಿಗೆ ಹೋದ. ಒಂದು ಕಾಲು ಒಳಗಿಟ್ಟ, ಒಂದು ಕಾಲು ಹೊರಗಿಟ್ಟ, ಎದೆ ಸೆಟೆಸಿ ನಿಂತ.

"ಕಾಲು ತೆಗಿಯಪ್ಪ, ಬೀಗ ಹಾಕ್ಬೇಕು!" ಅಂದ ಪುಟ್ಟಸ್ವಾಮಣ್ಣ. ಅಲ್ಲಾಡಲಿಲ್ಲ.

"ಆಟ ಮುಗೀತು ಬಾರೋ!" ಅಂದಳು ಜಯಶೀಲಕ್ಕ. ಜಪ್ಪಯ್ಯ ಅಂದರೂ ಕದಲಲಿಲ್ಲ.

"ಮನೆಗೆ ನಡಿ ಮಗ, ಮುದ್ದೆ ಆರೋಗುತ್ತೆ" ಅಂದಳು ಹೊನ್ನಮ್ಮ.

ಅವನು ತಲೆ ಬಾಗಿಸಿ ಕೈ ಮುಗಿದ. "ಕ್ಷಮಿಸಬೇಕು ತಾಯಿ. ಖಡ್ಗರಾಯ ಭಾನುವಾರದವರೆಗೂ ಎಲ್ಲಿಗೂ ಬರೋ ಹಾಗಿಲ್ಲ. ಮೆಟ್ಟಿಲ ಮೇಲೆ ನಿಮ್ಮ ಬೋರಲಿಂಗ ಕೂತವ್ನೆ ನೋಡಿ, ಅವನನ್ನ ಕರ್ಕೊಂಡೋಗಿ ಉಣ್ಣಕ್ಕಿಕ್ಕಿ. ಬೈಬೇಡಿ, ಇವತ್ತು ಅವನು ಒಂದು ತಪ್ಪೂ ಮಾಡಿಲ್ಲ!"

ಅವನು ಅಲ್ಲಿ ನಿಂತ, ನಾವಿಲ್ಲಿ ಕೂತ್ವಿ. ಏಳಿ ಏಳಿ, ನಿಮ್ಮನೇಲೂ ಯಾರೋ ಕಾಯ್ತಿರ್ತಾರೆ.