ಅರ್ಥ ತಿಳಿಯದ ಓದುಗ

"ಬುದ್ಧೀ, ಕಾರ್ಡು ಓದುವ ಯಂತ್ರವನ್ನು ನಂಬಬಹುದೇ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಕರಿಬಸಯ್ಯ. ಮಠದ ಧರ್ಮಾಸ್ಪತ್ರೆಯ ಉಸ್ತುವಾರಿ ಅವನದು. ಹಿಂದಿನ ವಾರ ಅಲ್ಲಿಗೆ ಅಂಗೈಯಗಲದ ಒಂದು ಯಂತ್ರ ಬಂದಿತ್ತು. ರೋಗಿಗೊಂದು ಕಾರ್ಡು, ಕಾರ್ಡಿನೊಳಗೆ ಅವರ ಕಾಯಿಲೆ, ಅವರು ನುಂಗುವ ಮಾತ್ರೆ, ಎಲ್ಲ. ಕಾರ್ಡನ್ನು ಯಂತ್ರಕ್ಕೆ ತೂರಿಸಿ, ರೋಗಿ ತನ್ನ ಗುಟ್ಟಿನ ಸಂಖ್ಯೆ ಒತ್ತಿದರೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಯಂತ್ರ ಬರೀ ಓದುತ್ತದೆ, ಅದಕ್ಕೇನೂ ತಿಳಿಯುವುದಿಲ್ಲ ಎಂದು ತಂದುಕೊಟ್ಟವರು ಹೇಳಿದ್ದರು. ಕರಿಬಸಯ್ಯ ಅದನ್ನೇ ಗಿಳಿಪಾಠದಂತೆ ಒಪ್ಪಿಸುತ್ತ ಅರವತ್ತು ಜನರಿಗೆ ಕಾರ್ಡು ಕೊಟ್ಟಿದ್ದ.

ಅರವತ್ತೊಂದನೆಯವಳು ಶಿವನಂಜಮ್ಮ. ನಾಲ್ಕು ವರ್ಷದಿಂದ ಫಿಟ್ಸಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ತನ್ನನ್ನು ತವರಿಗೆ ಅಟ್ಟಿ ಮಗುವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ ಎಂಬ ಭಯ ಅವಳಿಗೆ. ಮುಂದಿನ ತಿಂಗಳಿಂದ ಕಾರ್ಡಿಲ್ಲದೆ ಮಾತ್ರೆಯೂ ಇಲ್ಲ. "ಅಯ್ಯನೋರೇ, ಈ ಡಬ್ಬಿ ಯಾರ್ಗೂ ಹೇಳಾಕಿಲ್ಲ ತಾನೇ? ನೀವು ಹೂಂ ಅಂದ್ರೆ ಬರೆಸ್ತೀನಿ" ಎಂದಿದ್ದಳು. ಕರಿಬಸಯ್ಯನಿಗೆ ಹೂಂ ಎನ್ನಲು ಬಾಯಿ ಬರಲಿಲ್ಲ. ಅರವತ್ತು ಸಲ ಬಂದದ್ದು ಈಗ ಯಾಕೆ ಬರಲಿಲ್ಲ ಎಂಬುದು ಅವನಿಗೇ ತಿಳಿಯಲಿಲ್ಲ. ಅವಳನ್ನು ಜಗಲಿಯ ಮೇಲೆ ಕೂರಿಸಿ ಗುರುಗಳ ಬಳಿ ಓಡಿ ಬಂದಿದ್ದ.

"ನನ್ನ ಕನ್ನಡಕವನ್ನೇ ನಾನು ಅರ್ಧ ನಂಬುತ್ತೇನೆ. ಯಂತ್ರದ ವಿಷಯ ನನ್ನನ್ನು ಕೇಳುತ್ತೀಯಲ್ಲಪ್ಪ! ಕೂತುಕೋ" ಎಂದರು ಗುರುಗಳು. ಕರಿಬಸಯ್ಯನಿಗೆ ಬೇಕಿದ್ದುದು ಹೌದು ಅಥವಾ ಅಲ್ಲ ಎಂಬ ಒಂದು ಮಾತು. ಸಿಕ್ಕಿದ್ದು ಕತೆ.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಬಂದವರ ಕಾಯಿಲೆಯನ್ನು ಓಲೆಯ ಮೇಲೆ ಸಂಸ್ಕೃತದಲ್ಲಿ ಬರೆದು ಅವರ ಕೈಗೇ ಕೊಡುತ್ತಿದ್ದ. ಮತ್ತೆ ಬರುವಾಗ ಅವರು ಅದನ್ನು ತರಬೇಕು. ವಯಸ್ಸಾಯಿತು, ಕಣ್ಣು ಮಂಜಾಯಿತು, ಓದಿ ಹೇಳಲು ಒಬ್ಬರು ಬೇಕಾದರು. ಭಾಷೆ ಬಲ್ಲವರನ್ನು ಕರೆದರೆ ರೋಗಿಗಳ ಗುಟ್ಟು ಬೀದಿಗೆ ಬೀಳುತ್ತದೆ. ವೈದ್ಯ ಬಹಳ ಯೋಚಿಸಿ ಒಬ್ಬ ಕುರಿಗಾಹಿಗೆ ಅಕ್ಷರ ಮಾತ್ರ ಕಲಿಸಿದ, ಭಾಷೆ ಕಲಿಸಲಿಲ್ಲ. ಕುರಿಗಾಹಿ ಗಟ್ಟಿಯಾಗಿ ಓದುವನು, ವೈದ್ಯ ಕೇಳಿ ಔಷಧಿ ಕೊಡುವನು. ಊರ ಹಿರಿಯರು ಕುರಿಗಾಹಿಯನ್ನು ಮೂರು ದಿನ ಪರೀಕ್ಷಿಸಿದರು. ಹೋಳಿಗೆ ತಿನ್ನಿಸಿ ಕೇಳಿದರು, ಗದರಿಸಿ ಕೇಳಿದರು. ತಾನು ಓದಿದ ಒಂದು ಪದಕ್ಕೂ ಅವನಿಗೆ ಅರ್ಥ ಗೊತ್ತಿರಲಿಲ್ಲ. ಹಿರಿಯರು ನೆಮ್ಮದಿಯಿಂದ ಮನೆಗೆ ಹೋದರು.

ಆ ಊರಿನ ಒಬ್ಬ ರೈತನ ಮಗಳಿಗೆ ಬೆನ್ನ ಮೇಲೆ ಬಿಳಿ ಮಚ್ಚೆ ಎದ್ದಿತ್ತು. ಪಕ್ಕದೂರಿಗೆ ಮದುವೆ ಗೊತ್ತಾಗಿತ್ತು. ಓಲೆ ಕೊಡುವ ಮೊದಲು ಅವಳು ವೈದ್ಯನನ್ನು ಕೇಳಿದಳು: "ಇವನನ್ನು ನಂಬಬಹುದಾ?"

"ಧೈರ್ಯವಾಗಿ ಕೊಡಮ್ಮ. ಅವನಿಗೇನೂ ತಿಳಿಯುವುದಿಲ್ಲ" ಎಂದ ವೈದ್ಯ.

ಅವಳು ಕೊಟ್ಟಳು. ಹತ್ತೇ ದಿನದಲ್ಲಿ ಗಂಡಿನ ಕಡೆಯವರು ಸಂಬಂಧ ಮುರಿದರು.

ಕರಿಬಸಯ್ಯನಿಗೆ ತಡೆಯಲಾಗಲಿಲ್ಲ. "ಕುರಿಗಾಹಿ ಕದ್ದು ಸಂಸ್ಕೃತ ಕಲಿತನೇ ಬುದ್ಧೀ? ಯಾರಿಂದಲಾದರೂ ಲಂಚ ತಿಂದನೇ?"

"ಎರಡೂ ಇಲ್ಲ" ಎಂದು ಗುರುಗಳು ಕತೆ ಮುಂದುವರಿಸಿದರು.

ಕುರಿಗಾಹಿಯ ಮನೆಯವರು ತಲೆತಲಾಂತರದಿಂದ ಹಾಡುವ ಜನ. ಬರೆದಿಟ್ಟುಕೊಂಡವರಲ್ಲ, ಬಾಯಲ್ಲೇ ಇಟ್ಟುಕೊಂಡವರು. ಒಮ್ಮೆ ಬಾಯಿಗೆ ಬಂದದ್ದು ಅವರಿಗೆ ಸಾಯುವವರೆಗೂ ಮರೆಯದು. ಆ ಹುಡುಗಿಯ ಓಲೆಯ ಮಾತುಗಳ ಇಂಪು ಅವನಿಗೆ ಬಲು ಹಿಡಿಸಿತ್ತು. ಕೆರೆ ಏರಿಯ ಮೇಲೆ ಕುರಿ ಮೇಯಿಸುತ್ತ ಅದನ್ನು ರಾಗವಾಗಿ ಹೇಳಿಕೊಂಡ. ಆ ದಾರಿಯಲ್ಲಿ ಬಂದ ಗಂಡಿನ ಮನೆಯ ಪುರೋಹಿತರು ನಿಂತು ಕೇಳಿ, "ಭಲೇ! ಇದು ಎಲ್ಲಿಯದಪ್ಪ?" ಎಂದರು. "ರೈತನ ಮಗಳ ಓಲೆ ಸ್ವಾಮೀ. ನಾನು ಓದಿದ್ದರಲ್ಲೆಲ್ಲ ಅದೇ ಚೆಂದ" ಎಂದು ಹಿಗ್ಗಿ ಇನ್ನೊಮ್ಮೆ ಹೇಳಿದ. ಅವನಿಗೆ ಅರ್ಥವಾಗುತ್ತದೆಯೇ ಎಂದು ಮೂರು ದಿನ ನೋಡಿದ ಹಿರಿಯರು, ಅವನು ಮರೆಯುತ್ತಾನೆಯೇ ಎಂದು ನೋಡಿರಲಿಲ್ಲ.

ಗುರುಗಳು ನಿಲ್ಲಿಸಿದರು. ಕರಿಬಸಯ್ಯನಿಗೆ ತಲೆ ಕೆಟ್ಟುಹೋಯಿತು. ಹುಡುಗಿಗೆ ಬಂದ ಗತಿಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಕುರಿಗಾಹಿ ಪಾಪ, ಏನೂ ಅರಿಯದವನು. ವೈದ್ಯ ಹೇಳಿದ್ದೂ ಸುಳ್ಳಲ್ಲ. ಪುರೋಹಿತರು ಕದ್ದು ಕೇಳಿದವರೂ ಅಲ್ಲ. ಹಾಗಾದರೆ ಯಂತ್ರ ಬೇಡವೆನ್ನಬೇಕೇ? ಬೇಡವೆಂದರೆ ಶಿವನಂಜಮ್ಮನಿಗೆ ಮಾತ್ರೆ ಎಲ್ಲಿಂದ ಬರಬೇಕು? ಮಾತ್ರೆ ತಪ್ಪಿದರೆ ಒಲೆಯ ಮುಂದೆಯೇ ಬಿದ್ದಾಳು. ಆಗ ಮನೆಮಂದಿಗೆಲ್ಲ ತಾನಾಗಿಯೇ ತಿಳಿಯುತ್ತದೆ.

"ಬುದ್ಧೀ, ನಮ್ಮ ಯಂತ್ರ ಓದಿದ್ದನ್ನು ಮರೆಯುತ್ತದೆಯೋ, ಒಳಗೆ ಇಟ್ಟುಕೊಳ್ಳುತ್ತದೆಯೋ, ನನಗೆ ಗೊತ್ತಿಲ್ಲ. ಇಟ್ಟುಕೊಂಡರೆ ಅದನ್ನು ಯಾರು ಬಂದು ಕೇಳುತ್ತಾರೋ ಅದೂ ಗೊತ್ತಿಲ್ಲ. ತಂದವರನ್ನು ವಿಚಾರಿಸುತ್ತೇನೆ, ಆದರೆ ಅವರ ಮಾತನ್ನೂ ನಂಬಲೇಬೇಕಲ್ಲ. ಆ ಹೆಂಗಸು ಕಾಯುತ್ತಿದ್ದಾಳೆ. ಹೂಂ ಅನ್ನಲೋ, ಊಹೂಂ ಅನ್ನಲೋ? ಅವಳಿಗೆ ಏನು ಹೇಳಲಿ?"

ಗುರುಗಳು ಕನ್ನಡಕ ತೆಗೆದು ಶಿಷ್ಯನ ಮುಖ ನೋಡಿದರು.

"ಗೊತ್ತಿಲ್ಲ ಎಂದು ನನಗೆ ಎರಡು ಸಲ ಹೇಳಿದೆಯಲ್ಲ, ಅವಳಿಗೆ ಒಂದು ಸಲ ಹೇಳು."