ಎಡಗಡೆಯ ಪೆಡಲ್

ಶಾಪ ಹಾಕಿದರೆ ಕಬ್ಬಿಣ ಸಡಿಲವಾಗುತ್ತದೆಯೇ?

ಎಂಟನೆಯ ವಯಸ್ಸಿನಲ್ಲಿ ಇಂದುಮತಿ ಈ ಪ್ರಶ್ನೆಯನ್ನು ಅಜ್ಜಿಗೆ ಕೇಳಿದ್ದಳು. ಅಜ್ಜಿ ಹೇಳುತ್ತಿದ್ದ ಕತೆ ಹೀಗಿತ್ತು. ಒಬ್ಬ ವ್ಯಾಪಾರಿ ಒಬ್ಬ ಸೈಕಲ್ ರಿಪೇರಿಯವನನ್ನು ನಡುಬೀದಿಯಲ್ಲಿ ಬೈದ. ನೊಂದವನು ಆ ಸೈಕಲ್ಲಿನ ಮೇಲೆ ಕೈಯಿಟ್ಟು ಶಪಿಸಿದ. ಅಂದಿನಿಂದ ಅದರ ಎಡಗಡೆಯ ಪೆಡಲ್, ಯಾರು ಕೂರಿಸಿದರೂ ನಿಲ್ಲದೆ, ಕಳಚಿ ಬೀಳತೊಡಗಿತು. ವ್ಯಾಪಾರಿ ಬಂದು ಕಾಲಿಗೆ ಬಿದ್ದ ಮೇಲೆಯೇ ಅದು ನಿಂತಿತು.

"ಬಲಗಡೆದು ಯಾಕ ಬೀಳಲಿಲ್ಲ?" ಎಂದು ಹುಡುಗಿ ಮತ್ತೆ ಕೇಳಿದಳು.

"ಎಡ ಅಂದ್ರ ಅಪಶಕುನ. ಸುಮ್ನ ಉಣ್ಣು" ಎಂದಳು ಅಜ್ಜಿ.

ಹುಡುಗಿ ಸುಮ್ಮನೆ ಉಂಡಳು. ಆದರೆ ನಂಬಲಿಲ್ಲ. ಶಾಪವೆಂಬುದು ಎಡಬಲ ನೋಡಿ ತಟ್ಟುವುದಾದರೆ ಅದು ಶಾಪವೇ ಅಲ್ಲ ಎಂದು ಅವಳಿಗೆ ಅಂದೇ ಅನಿಸಿತ್ತು.

ಮೂವತ್ತು ವರ್ಷಗಳ ನಂತರ, ಒಂದು ಭಾನುವಾರ ಬೆಳಿಗ್ಗೆ, ಅವಳು ಮಠದ ಜಗಲಿಯಲ್ಲಿ ಗುರುಗಳ ಎದುರು ಕುಳಿತು ಬೇರೊಂದು ಪ್ರಶ್ನೆ ಕೇಳಿದಳು.

"ಗುರುಗಳೇ, ಕೆಲಸ ಕೆಡಿಸುವವನನ್ನು ಎಷ್ಟು ಸಲ ಕ್ಷಮಿಸಬೇಕು?"

ಅವಳ ಮೊಣಕೈಗೆ ಪಟ್ಟಿ ಕಟ್ಟಿತ್ತು. ಕುಳಿತುಕೊಳ್ಳುವಾಗ ಅವಳು ಹೆಗಲಿನ ಚೀಲವನ್ನು ಕಲ್ಲಿನ ಮೇಲೆ ಇಟ್ಟಳು. ಒಳಗೆ ಕಬ್ಬಿಣ ಕಲ್ಲಿಗೆ ತಾಗಿದ ಸದ್ದಾಯಿತು. ಗುರುಗಳು ಒಮ್ಮೆ ಚೀಲದ ಕಡೆ ನೋಡಿ, "ಏನು ನಡೆಯಿತು, ಹೇಳು" ಎಂದರು.

ಇಂದುಮತಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ನಡೆದದ್ದನ್ನು ತಾರೀಖಿನ ಪ್ರಕಾರ ಹೇಳುವುದು ಅವಳಿಗೆ ರೂಢಿಯಾಗಿತ್ತು, ಹಾಗೆಯೇ ಹೇಳಿದಳು. ಕಾಲೇಜಿನ ಗೇಟಿನ ಪಕ್ಕದಲ್ಲಿ ಫಕೀರಪ್ಪ ಎಂಬವನ ಸೈಕಲ್ ರಿಪೇರಿಯ ಡಬ್ಬಾ ಅಂಗಡಿ ಇತ್ತು. ಹನ್ನೊಂದು ವರ್ಷಗಳಿಂದ ಅವನು ಅಲ್ಲಿದ್ದ. ಜೂನ್ ತಿಂಗಳಲ್ಲಿ ಅವಳ ಸೈಕಲ್ಲಿನ ಎಡಗಡೆಯ ಪೆಡಲ್ ಕಳಚಿತು. ಫಕೀರಪ್ಪ "ನಾಳಿ ಬರ್ರಿ" ಎಂದ. ನಾಳೆ ಹೋದರೆ ಮತ್ತೊಂದು ನಾಳೆ ತೋರಿಸಿದ. ಮೂರನೆಯ ದಿನ ಪೆಡಲ್ ಕೂರಿಸಿ, ತಲೆ ಎತ್ತದೆ ಸೈಕಲ್ಲನ್ನು ತಳ್ಳಿಕೊಟ್ಟ. ಜುಲೈಯಲ್ಲಿ ಅದೇ ಪೆಡಲ್ ಮತ್ತೆ ಬಿತ್ತು. ಈ ಸಲ ಅವನು ಪೆಡಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, "ಮನಿಗೆ ಒಯ್ದು ನೀವೇನೂ ಮುಟ್ಟಬ್ಯಾಡ್ರಿ, ಮೇಡಮ್" ಎಂದ. ತನ್ನ ಕೆಲಸ ಕೆಟ್ಟದ್ದಕ್ಕೆ ಗಿರಾಕಿಗೆ ಬುದ್ಧಿ ಹೇಳುವ ಈ ಸೊಕ್ಕು ಅವಳಿಗೆ ಪೆಡಲ್ ಬಿದ್ದದ್ದಕ್ಕಿಂತ ಹೆಚ್ಚು ಚುಚ್ಚಿತು. ಮೂರನೆಯ ಸಲ ಪೆಡಲ್ ಬಿದ್ದದ್ದು ಕಳೆದ ಗುರುವಾರ, ರೈಲ್ವೆ ಗೇಟಿನ ಇಳಿಜಾರಿನಲ್ಲಿ. ಅವಳೂ ಬಿದ್ದಳು. ಹಿಂದೆ ಬರುತ್ತಿದ್ದ ಲಾರಿ ಅವಳಿಂದ ಎರಡು ಮಾರು ದೂರದಲ್ಲಿ ನಿಂತಿತು.

"ಅವನ ಅಂಗಡಿಯನ್ನು ಎತ್ತಿಸಬೇಕೆಂದು ಕಾಲೇಜಿನ ಸಮಿತಿ ಕಾಗದ ಬರೆದಿದೆ" ಎಂದಳು. "ಸಮಿತಿಯ ಮುಖ್ಯಸ್ಥೆ ನಾನು. ನಾಳೆ ಹನ್ನೊಂದು ಗಂಟೆಗೆ ನನ್ನ ಸಹಿ ಬಿದ್ದರೆ ಸಂಜೆಯೊಳಗೆ ಅಂಗಡಿ ಇರುವುದಿಲ್ಲ. ಅವನಿಗೆ ಬೇರೆ ಜಾಗವಿಲ್ಲ ಎಂಬುದೂ ನನಗೆ ಗೊತ್ತು. ಆದರೆ ನಾಳೆ ಬೇರೆ ಯಾರೋ ಲಾರಿಯ ಕೆಳಗೆ ಬಿದ್ದರೆ?"

ಗುರುಗಳು, "ನಿಮ್ಮ ಊರಿನ ಕಡೆ ಶಾಪದ ಪೆಡಲ್ಲಿನ ಕತೆ ಹೇಳುತ್ತಾರೆ. ಕೇಳಿದ್ದೀಯಾ?" ಎಂದರು.

"ಕೇಳಿದ್ದೇನೆ. ನಂಬಿಲ್ಲ."

"ನಂಬಬೇಡ. ನಾನು ಕೇಳಿದ ಕತೆಯಲ್ಲಿ ಶಾಪವಿಲ್ಲ" ಎಂದು ಅವರು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಸೈಕಲ್ಲಿನ ಮೇಲೆ ಬಟ್ಟೆಯ ಗಂಟು ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುವುದು ಅವನ ಬದುಕು. ಪೇಟೆಯ ಹೊರಬಾಗಿಲಿನಲ್ಲಿ, ಬೇವಿನ ಮರದ ಕೆಳಗೆ, ಒಬ್ಬ ಸೈಕಲ್ ರಿಪೇರಿಯವನು ಕೂರುತ್ತಿದ್ದ. ಆ ಮರದ ನೆರಳೇ ಅವನ ಅಂಗಡಿ.

ಒಂದು ದಿನ ವ್ಯಾಪಾರಿ ಎಡಗಡೆಗೆ ಹೊಸ ಪೆಡಲ್ ಹಾಕಿಸಿದ. ರಿಪೇರಿಯವನು ಯಾರೊಡನೆಯೋ ಮಾತಾಡುತ್ತ ಪೆಡಲ್ಲನ್ನು ಬೆರಳಿನಿಂದ ತಿರುಗಿಸಿ ಕೂರಿಸಿದ. ಸ್ಪ್ಯಾನರ್ ಹಾಕಿ ಬಿಗಿ ಮಾಡುವುದನ್ನು ಮರೆತ. ಹಳ್ಳದ ಇಳಿಜಾರಿನಲ್ಲಿ ಪೆಡಲ್ ಕಳಚಿತು. ಬಟ್ಟೆಯ ಗಂಟು ನೀರಿಗೆ ಬಿತ್ತು. ಈ ತಪ್ಪು ರಿಪೇರಿಯವನದೇ. ಅದರಲ್ಲಿ ಎರಡು ಮಾತಿಲ್ಲ.

ವ್ಯಾಪಾರಿ ನೀರು ಸುರಿಯುವ ಗಂಟನ್ನು ಹೊತ್ತು ಮರದ ಕೆಳಗೆ ಬಂದ. ಜನ ಸೇರಿದರು.

"ಇವು ಕೈಯೋ ಕಾಲೋ? ಎಮ್ಮಿ ಮೈ ತೊಳಿಯೋದು ಬಿಟ್ಟು ಸೈಕಲ್ ಮುಟ್ಟಂತ ನಿನಗ ಯಾರು ಹೇಳಿದ್ರೋ?" ಎಂದ.

ಜನ ನಕ್ಕರು. ರಿಪೇರಿಯವನು ಮಾತಾಡಲಿಲ್ಲ. ಸ್ಪ್ಯಾನರ್ ತೆಗೆದು ಪೆಡಲ್ಲನ್ನು ಬಿಗಿ ಮಾಡಿದ. ಈ ಸಲ ಯಾರ ಕಡೆಯೂ ನೋಡದೆ, ಹಲ್ಲು ಕಚ್ಚಿ, ಕದಲದ ಹಾಗೆ ಬಿಗಿ ಮಾಡಿದ. ಆದರೆ ವ್ಯಾಪಾರಿಯ ಮನಸ್ಸಿನಲ್ಲಿ ಅವನ ಕೈಯ ಮೇಲಿನ ನಂಬಿಕೆ ಹಳ್ಳದಲ್ಲಿಯೇ ಹೋಗಿತ್ತು.

ಅಂದು ಸಂಜೆ ವ್ಯಾಪಾರಿ ತಾನೇ ಒಂದು ಸ್ಪ್ಯಾನರ್ ಕೊಂಡ. ಬಾಗಿಲ ಮುಂದೆ ಸೈಕಲ್ ನಿಲ್ಲಿಸಿ ಒಂದೊಂದೇ ನಟ್ಟನ್ನು ಬಲಕ್ಕೆ ತಿರುಗಿಸಿ ಬಿಗಿ ಮಾಡಿದ. ಎಡಗಡೆಯ ಪೆಡಲ್ಲಿಗೂ ಸ್ಪ್ಯಾನರ್ ಹಾಕಿ ಬಲಕ್ಕೇ ತಿರುಗಿಸಿದ. ಅದು ಕದಲಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿದ. ಆಗ ಕದಲಿತು.

"ನೋಡು, ಹೆಂಗ ಸಡಿಲ ಬಿಟ್ಟಾನ!" ಎಂದು ಹೆಂಡತಿಗೆ ತೋರಿಸಿದ.

ಮರುದಿನ ಪೆಡಲ್ ತುಸು ಅಲ್ಲಾಡಿತು. ಸಂಜೆ ಮತ್ತೆ ಬಿಗಿ ಮಾಡಿದ. ಅದರ ಮರುದಿನ ಇನ್ನಷ್ಟು ಅಲ್ಲಾಡಿತು. ಅಲ್ಲಾಡಿದಷ್ಟೂ ಅವನು ಬಿಗಿ ಮಾಡಿದ. ಬಿಗಿ ಮಾಡಿದಷ್ಟೂ ಅದು ಅಲ್ಲಾಡಿತು. ಎಂಟನೆಯ ದಿನ ಕಳಚಿ ಬಿತ್ತು.

ವ್ಯಾಪಾರಿ ಮರದ ಕೆಳಗೆ ಬಂದು ಮತ್ತೆ ಬೈದ. ರಿಪೇರಿಯವನು ಪೆಡಲ್ಲನ್ನು ಕೈಗೆ ತೆಗೆದುಕೊಂಡ. ಸ್ಪ್ಯಾನರ್ ಹಿಡಿಯುವ ಚಪ್ಪಟೆ ಜಾಗದ ಮೇಲೆ ಹೊಸ ಗೀರುಗಳಿದ್ದವು. ತನ್ನ ಸ್ಪ್ಯಾನರ್ ಅಂಥ ಗೀರು ಮಾಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆದ. ಸುತ್ತ ನಿಂತ ಜನರ ಮುಖ ನೋಡಿದ. ಬಾಯಿ ಮುಚ್ಚಿಕೊಂಡ. ಪೆಡಲ್ ಕೂರಿಸಿ ಕೊಟ್ಟ.

ಹೀಗೆ ಮತ್ತೆರಡು ಸಲ ನಡೆಯಿತು. ಬೈಯುವವನ ದನಿ ಪ್ರತಿ ಸಲವೂ ಏರಿತು. ಸುಮ್ಮನಿರುವವನ ಮೌನ ಪ್ರತಿ ಸಲವೂ ಗಟ್ಟಿಯಾಯಿತು. ಅವನ ಮೌನದಲ್ಲಿ ಈಗ ನೋವಿಗಿಂತ ಹೆಚ್ಚಾಗಿ ಒಂದು ಸುಖ ಸೇರಿಕೊಂಡಿತ್ತು. ಎದುರಿನವನು ತಪ್ಪು ಮಾಡುವುದನ್ನು ತಾನೊಬ್ಬನೇ ನೋಡುತ್ತಿರುವ ಸುಖ ಅದು.

ಕೊನೆಗೆ ವ್ಯಾಪಾರಿ ಪೇಟೆಯ ಹಿರಿಯರ ಬಳಿಗೆ ಹೋದ. ಇವನನ್ನು ಮರದ ಕೆಳಗಿನಿಂದ ಎಬ್ಬಿಸಿ, ಇಲ್ಲವಾದರೆ ಒಬ್ಬರ ಪ್ರಾಣ ಹೋಗುತ್ತದೆ ಎಂದ. ಹಿರಿಯರು ಇಬ್ಬರನ್ನೂ ಕರೆಸಿದರು. ಸೈಕಲ್ಲನ್ನು ನಡುವೆ ನಿಲ್ಲಿಸಿದರು. ಪೇಟೆಯೇ ಬಂದು ನಿಂತಿತು.

"ಏನಪ್ಪಾ, ನಿನ್ನ ಮಾತೇನು?" ಎಂದು ಹಿರಿಯರಲ್ಲಿ ಒಬ್ಬ ಕೇಳಿದ.

ರಿಪೇರಿಯವನು ಎಲ್ಲರೆದುರು ಪೆಡಲ್ಲನ್ನು ಬಿಗಿಯಾಗಿ ಕೂರಿಸಿದ. ಒಬ್ಬ ಜಟ್ಟಿಯನ್ನು ಕರೆದು ಕೈಯಿಂದ ತಿರುಗಿಸಿ ನೋಡಲು ಹೇಳಿದ. ಜಟ್ಟಿಯ ಕೈಗೂ ಅದು ಬಗ್ಗಲಿಲ್ಲ. ಆಮೇಲೆ ರಿಪೇರಿಯವನು ವ್ಯಾಪಾರಿಯ ಕಡೆಗೆ ತಿರುಗಿದ.

"ಸಾವ್ಕಾರ್ರ, ದಿನಾ ಸಂಜಿಮುಂದ ಮನ್ಯಾಗ ಹೆಂಗ ಬಿಗಿ ಮಾಡ್ತೀರಿ, ಹಂಗ ಒಮ್ಮೆ ಮಾಡಿ ತೋರಿಸ್ರಿ. ನಿಂದ್ರಸಬ್ಯಾಡ್ರಿ. ನಾ ಸಾಕು ಅನ್ನೂ ತನಕ ತಿರುವ್ರಿ."

ವ್ಯಾಪಾರಿ ತನ್ನ ಸ್ಪ್ಯಾನರ್ ತೆಗೆದ. ಬಲಕ್ಕೆ ತಿರುಗಿಸಿದ. ಮೈಯ ಭಾರ ಹಾಕಿದ. ಕದಲಿತು. ಇನ್ನೊಂದು ಸುತ್ತು ತಿರುಗಿಸಿದ. ಮತ್ತೊಂದು ಸುತ್ತು. ಸ್ಪ್ಯಾನರ್ ಹಗುರವಾಗತೊಡಗಿತು. ಅವನ ಹಣೆಯ ಮೇಲೆ ಬೆವರು ಮೂಡಿತು. ನಿಲ್ಲಿಸಬೇಕೆನಿಸಿತು; ಎಲ್ಲರೂ ನೋಡುತ್ತಿದ್ದರು. ತಿರುಗಿಸಿದ. ಪೆಡಲ್ ಕಳಚಿ ಅವನ ಅಂಗೈಗೆ ಬಂತು.

ಯಾರೂ ನಗಲಿಲ್ಲ.

"ಎಡಗಡೆ ಪೆಡಲ್ಲಿನ ಥ್ರೆಡ್ಡು ಉಲ್ಟಾ ಇರತೈತ್ರಿ" ಎಂದ ರಿಪೇರಿಯವನು. "ಬಲಕ್ಕ ತಿರುವಿದ್ರ ಬಿಚ್ಚತೈತಿ. ಎಡಕ್ಕ ತಿರುವಿದ್ರ ಬಿಗಿ ಆಕ್ಕೈತಿ."

ಹಿರಿಯ ಕೇಳಿದ: "ಇವ್ರು ಹಿಂಗ ಮಾಡ್ತಾರ ಅಂತ ನಿನಗ ಯಾವಾಗ ತಿಳೀತು?"

"ಎರಡನೇ ಸಲ ಬಿದ್ದಾಗಲೇ ತಿಳೀತ್ರಿ. ಗೀರು ಕಂಡ್ವು."

"ಮತ್ತ ಹೇಳಾಕ ಏನಾಗಿತ್ತು?"

"ಎಮ್ಮಿ ಮೈ ತೊಳಿಯಾವ ಸಾವ್ಕಾರ್ರಿಗೆ ಏನ್ ಹೇಳ್ಬೇಕ್ರಿ?"

ಗುರುಗಳು ಇಲ್ಲಿಗೆ ಕತೆಯನ್ನು ನಿಲ್ಲಿಸಿದರು.

ಇಂದುಮತಿ ಕಾದಳು. ಅವರು ಮುಂದುವರಿಸಲಿಲ್ಲ. ಅವಳ ಮನಸ್ಸು ಆಗಲೇ ಎರಡು ಪಟ್ಟಿಗಳನ್ನು ಮಾಡಿತ್ತು. ರಿಪೇರಿಯವನು ಮೊದಲ ಸಲ ಅಜಾಗರೂಕನಾಗಿದ್ದ. ಆಮೇಲೆ ಗೊತ್ತಿದ್ದೂ ಸುಮ್ಮನಿದ್ದ. ವ್ಯಾಪಾರಿ ನಾಲಿಗೆ ಬಿಗಿ ಹಿಡಿಯಲಿಲ್ಲ, ಕೇಳಿ ತಿಳಿದುಕೊಳ್ಳಲಿಲ್ಲ. ಯಾವ ಪಟ್ಟಿ ಭಾರ ಎಂದು ತೀರ್ಮಾನಿಸದೆ ಕತೆ ಮುಗಿಯುವುದು ಅವಳಿಗೆ ಸರಿ ಕಾಣಲಿಲ್ಲ. ಎಡ ಪೆಡಲ್ ಉಲ್ಟಾ ತಿರುಗುತ್ತದೆ ಎಂಬ ಮಾತನ್ನೂ ಅವಳು ಒಪ್ಪಿರಲಿಲ್ಲ. ಕತೆ ಹೇಳುವವರು ತಮಗೆ ಬೇಕಾದ ಕಡೆ ಕಬ್ಬಿಣವನ್ನು ತಿರುಗಿಸಿಕೊಳ್ಳುತ್ತಾರೆ. ಅಜ್ಜಿ ಶಾಪದಿಂದ ತಿರುಗಿಸಿದ್ದಳು, ಗುರುಗಳು ಥ್ರೆಡ್ಡಿನಿಂದ.

"ಹಿರಿಯರು ಕೊನೆಗೆ ಯಾರದು ತಪ್ಪೆಂದರು, ಗುರುಗಳೇ? ಮರದ ಕೆಳಗಿನ ಜಾಗ ಅವನಿಗೆ ಉಳಿಯಿತೇ?"

ಗುರುಗಳು ಅವಳ ಪಕ್ಕದ ಚೀಲದ ಕಡೆ ನೋಡಿದರು.

"ನಿನ್ನ ಚೀಲದಲ್ಲಿರುವ ಸ್ಪ್ಯಾನರನ್ನು ನೀನು ಯಾವ ಕಡೆಗೆ ತಿರುಗಿಸುತ್ತೀ, ತಾಯಿ?"

ಇಂದುಮತಿಯ ಕೈ ಚೀಲದ ಮೇಲೆ ಹೋಗಿ ಅಲ್ಲಿಯೇ ನಿಂತಿತು. ವಾರಕ್ಕೊಮ್ಮೆ ಸೈಕಲ್ಲಿನ ಎಲ್ಲ ನಟ್ಟುಗಳನ್ನೂ ತಾನೇ ಬಿಗಿ ಮಾಡುವುದು ಅವಳ ಹಳೆಯ ಅಭ್ಯಾಸ. ಜೂನ್ ತಿಂಗಳಿನಿಂದ ಎಡಗಡೆಯ ಪೆಡಲ್ಲನ್ನು ದಿನಾ ಬೆಳಿಗ್ಗೆ ಬಿಗಿ ಮಾಡುತ್ತಿದ್ದಳು. ಅದನ್ನು ಅವಳು ಗುರುಗಳಿಗೆ ಹೇಳಿರಲಿಲ್ಲ. ಹೇಳುವಂಥ ವಿಷಯವೆಂದು ಅವಳಿಗೆ ತೋರಿಯೇ ಇರಲಿಲ್ಲ. ಅವಳು ನಮಸ್ಕರಿಸಿ ಎದ್ದಳು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಅವಳು ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಎಡಗಡೆಯಲ್ಲಿ ಕುಳಿತಳು. ಗುರುವಾರ ಬಿದ್ದ ಪೆಡಲ್ಲನ್ನು ದಾರಿಹೋಕನೊಬ್ಬ ಹೇಗೋ ಸಿಕ್ಕಿಸಿ ಕೊಟ್ಟಿದ್ದ. ಅದರ ಚಪ್ಪಟೆ ಜಾಗದ ಮೇಲೆ ಗೀರುಗಳಿದ್ದವು. ಸ್ಪ್ಯಾನರಿನ ಬಾಯನ್ನು ಅವುಗಳ ಮೇಲೆ ಇಟ್ಟಳು. ಗೀರುಗಳು ಅದಕ್ಕೆ ಸರಿಯಾಗಿ ಹೊಂದಿದವು. ಮೊದಲು ಬಲಕ್ಕೆ ತಿರುಗಿಸಿದಳು. ಆಮೇಲೆ ಎಡಕ್ಕೆ ತಿರುಗಿಸಿದಳು. ಆದದ್ದನ್ನು ನೋಡಿ ಮತ್ತೊಮ್ಮೆ ಎರಡೂ ಕಡೆಗೆ ತಿರುಗಿಸಿದಳು. ಒಂದೇ ಸೈಕಲ್ಲಿನಿಂದ ತೀರ್ಮಾನಕ್ಕೆ ಬರುವುದು ಅವಳ ಪದ್ಧತಿಯಲ್ಲ. ಪಕ್ಕದ ಮನೆಯವರನ್ನು ಕೇಳಿ ಅವರ ಸೈಕಲ್ಲನ್ನು ನೋಡಿದಳು. ಕಾಲೇಜಿಗೆ ಹೋದ ಮೇಲೆ ಕಾವಲುಗಾರನ ಸೈಕಲ್ಲನ್ನೂ ನೋಡಿದಳು.

ಹನ್ನೊಂದು ಗಂಟೆಗೆ ಸಮಿತಿಯ ಕಾಗದ ಅವಳ ಮೇಜಿಗೆ ಬಂತು. ಸಹಿಯ ಜಾಗವನ್ನು ಅವಳು ಖಾಲಿ ಬಿಟ್ಟಳು. ಕಾಗದವನ್ನು ಮಗುಚಿ, ಹಿಂಬದಿಯಲ್ಲಿ ತಾರೀಖು ಹಾಕಿ, ತನ್ನ ಸಣ್ಣ ಅಕ್ಷರಗಳಲ್ಲಿ ಬರೆದಳು:

"ಎಡಗಡೆಯ ಪೆಡಲ್ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಬಲಕ್ಕೆ ತಿರುಗಿಸಿದರೆ ಕಳಚುತ್ತದೆ. ಮೂರು ಸೈಕಲ್ಲುಗಳಲ್ಲಿ ಪರೀಕ್ಷಿಸಿದ್ದೇನೆ."