ಮೂಡ್ಲಗಿರಿ ಕಾಯಿ ನೋಡಿದ್ದು

ಕೇಳಿ, ನೀವು ನಗುತ್ತೀರಿ. ಆದರೆ ಈರವ್ವ ಅತ್ತ ಕತೆ ಇದು. ಅವಳ ಒಬ್ಬನೇ ಮಗ ಮೂಡ್ಲಗಿರಿ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಮಲಗಿತ್ತು. ಇಂಥವನಿಗೆ ಹೆಣ್ಣು ಕೊಡುವವರು ಯಾರು ಅಂತ ಅವಳು ಕೊರಗುತ್ತಿದ್ದಾಗ, ಪಕ್ಕದೂರಿನವರು ಹೇಗೋ ಒಪ್ಪಿ, ಮದುವೆ ಗೊತ್ತುಮಾಡುವ ವೀಳ್ಯಶಾಸ್ತ್ರಕ್ಕೆ ಬರುತ್ತೇವೆ ಎಂದು ಹೇಳಿ ಕಳಿಸಿದರು. ಇದೂ ತಪ್ಪಿದರೆ ಮಗ ಒಂಟಿಯಾಗೇ ಉಳಿಯುತ್ತಾನೆ ಅಂತ ಅವಳಿಗೆ ಹೆದರಿಕೆ.

"ಕುಂಬಾರರ ಮನೆಗೋಗಿ ಗಡಿಗೆ ತಾರ್ಲಾ. ಚೆನ್ನಾಗಿ ಬೆಂದೈತಾ ನೋಡ್ಕೊಂಡ್ ತಾ."

ಹೋದ. ಬಂದ. ತಲೆಯ ಮೇಲೆ ಒಂದು ಕುಕ್ಕೆ ತುಂಬ ಗಡಿಗೆಯ ಚೂರು.

"ಅಯ್ಯೋ, ಇದೇನ್ಲಾ?"

"ಒಡೆದು ನೋಡ್ದೆ ಕಣವ್ವ. ಒಳಗೂ ಬೆಂದಿತ್ತು."

ಈರವ್ವ ಹಣೆ ಚಚ್ಚಿಕೊಂಡಳು. "ಮಂಕುದಿಣ್ಣೆ, ಒಡೆದ ಮ್ಯಾಲೆ ನೋಡಿ ಏನ್ ಬಂತು? ಬೆರಳ ಗೆಣ್ಣಿಂದ ತಟ್ಟಬೇಕು, ಕಿವಿಗೊಟ್ಟು ಕೇಳಬೇಕು. ಠಣ್ ಅಂದ್ರೆ ತಾ, ಬದ್ ಅಂದ್ರೆ ಬಿಟ್ ಬಾ."

"ಹಂಗೇ ಆಗ್ಲವ್ವ."

ಮಾರನೆ ದಿನ ಬೀಗರು ಕೂರುವುದಕ್ಕೆ ಕಂಬಳಿ ತಾ ಅಂತ ಕಳಿಸಿದಳು. ಹೋದ. ಬಂದ. ಹೆಗಲ ಮೇಲೆ ಉದ್ದನೆಯ ತಗಡು.

"ಕಂಬಳಿ ಎಲ್ಲೈತ್ಲಾ?"

"ಎಲ್ಲಾನೂ ತಟ್ಟಿದೆ ಕಣವ್ವ, ಒಂದೂ ಠಣ್ ಅನ್ಲಿಲ್ಲ. ಅಂಗಡಿ ಸೂರಿನ ತಗಡು ಠಣ್ ಅಂತು. ಕಿತ್ಕೊಂಡ್ ಬಂದೆ."

ಈರವ್ವ ತಗಡನ್ನು ಅವನ ಹೆಗಲಿಂದ ಇಳಿಸಿದಳು. "ಬೀಗರನ್ನ ತಗಡಿನ ಮ್ಯಾಲೆ ಕೂರಿಸ್ಲಾ? ಕಂಬಳಿ ತಟ್ಟೋದಲ್ಲ ಕಣೋ, ನೀರು ಹುಯ್ದು ನೋಡ್ಬೇಕು. ಸೋರಲಿಲ್ಲ ಅಂದ್ರೆ ಗಟ್ಟಿ."

"ಹಂಗೇ ಆಗ್ಲವ್ವ."

ತಗಡು ವಾಪಸ್ಸು ಕೊಟ್ಟು, ಬೈಸಿಕೊಂಡು, ಕಂಬಳಿಯನ್ನು ಅವಳೇ ತಂದಳು. ಮಗನನ್ನು ಬೆಲ್ಲಕ್ಕೆ ಕಳಿಸಿದಳು. ಹೋದ. ಬಂದ. ಚೀಲದಿಂದ ಅಂಟುನೀರು ತೊಟ್ಟಿಕ್ಕುತ್ತಿತ್ತು, ಬೆನ್ನ ತುಂಬ ನೊಣ.

"ನೀರು ಹುಯ್ದೆ ಕಣವ್ವ. ಈ ಬೆಲ್ಲ ಸೋರ್ತೈತೆ."

ಈರವ್ವ ಚೀಲವನ್ನು ಪಾತ್ರೆಗೆ ಹಿಂಡಿಕೊಂಡಳು. ಇನ್ನು ಉಳಿದದ್ದು ತೆಂಗಿನಕಾಯಿ ಒಂದೇ, ಅವಳಿಗೆ ಅದರದೇ ದೊಡ್ಡ ಭಯ. ಹೆಣ್ಣಿನ ಅಜ್ಜಿ ಹಳೇ ಕಾಲದವಳು. ಶಾಸ್ತ್ರಕ್ಕೆ ಒಡೆದ ಕಾಯಿ ಕೆಟ್ಟಿದ್ದರೆ ಸಂಬಂಧವೇ ಬೇಡ ಅಂತ ಎದ್ದು ಹೋಗುವವಳು.

"ನೋಡ್ಲಾ, ತಟ್ಟಬ್ಯಾಡ, ನೀರು ಹುಯ್ಯಬ್ಯಾಡ. ಎರಡೂ ಕೈಲಿ ಎತ್ತು, ಕಿವಿ ಹತ್ರ ಹಿಡಿ, ಅಲ್ಲಾಡಿಸು. ಒಳಗೆ ಗುಳುಗುಳು ಅಂದ್ರೆ ಕೆಟ್ಟಿಲ್ಲ ಅಂತ. ಆಮ್ಯಾಲೆ ಬೀಗರ ಮುಂದೆ ಒಡಿ. ತಿಳೀತಾ?"

"ತಿಳೀತವ್ವ."

ನಂಬಿದರೆ ನಂಬಿ, ಮೂಡ್ಲಗಿರಿ ಒಳ್ಳೇ ಕಾಯಿಯನ್ನೇ ತಂದ. ಸಂತೋಷಕ್ಕೆ ಈರವ್ವನ ಕಣ್ಣಲ್ಲಿ ನೀರು ಬಂತು.

ಬೀಗರು ಬಂದರು. ಬಿಸಿಲಲ್ಲಿ ನಡೆದು ಬಂದ ಅಜ್ಜಿ ಒಂದು ಚೊಂಬು ಮಜ್ಜಿಗೆಯನ್ನು ಗಟಗಟ ಕುಡಿದು, ಕಂಬಳಿಯ ಮೇಲೆ ಕೂತಲ್ಲೇ ತೂಕಡಿಸಿದಳು. ಅವಳ ತಲೆ ಪಕ್ಕಕ್ಕೆ ವಾಲಿದ್ದು ಕಂಡು ಈರವ್ವ ಗಾಬರಿಬಿದ್ದಳು.

"ಮಗಾ, ಅಜ್ಜಿಗೆ ಏನಾಯ್ತೋ, ಚೆನ್ನಾಗವ್ರಾ ನೋಡ್ಲಾ."

ಕಾಯಿ ಒಡೆಯಲು ಮಚ್ಚು ಹಿಡಿದು ನಿಂತಿದ್ದ ಮೂಡ್ಲಗಿರಿ, ಮಚ್ಚನ್ನು ಕೆಳಗಿಟ್ಟ. ಎರಡೂ ಕೈಲಿ ಅಜ್ಜಿಯನ್ನು ಎತ್ತಿದ. ಹೊಟ್ಟೆಗೆ ಕಿವಿಯಿಟ್ಟ. ಗಡಗಡ ಅಲ್ಲಾಡಿಸಿದ. ಬೀಗರೆಲ್ಲ ಹೌಹಾರಿ ಎದ್ದು ನಿಂತರು. ಒಳಗೆ ಮಜ್ಜಿಗೆ ಗುಳುಗುಳು ಅಂತು.

ಅವನ ಮುಖ ಅರಳಿತು. ಅಜ್ಜಿಯನ್ನು ಮೆಲ್ಲಗೆ ಇಳಿಸಿ, ಮಚ್ಚನ್ನು ಎತ್ತಿಕೊಂಡ.

"ಅವ್ವಾ, ಅಜ್ಜಿ ಕೆಟ್ಟಿಲ್ಲ! ಒಡೀಲಾ?"